ದಿಲ್ಲಿಯ ಮಣ್ಣೆತ್ತಿನ ಅಮಾವಾಸ್ಯೆ

ಮಾಳಗಿಕಟ್ಟಿ, ಅಂಚೆ ಹಂಸಭಾವಿ
೯ ಜುಲೈ ೧೯೮೬

ಮಧ್ವೇಶನಿಗೆ ಉಳವಪ್ಪನ ನಮಸ್ಕಾರ.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಕಂದೀಲಿಗೆ ಮುಖವಿಟ್ಟು ಓದಿದವರು ನಾವು. ಇಷ್ಟು ವರ್ಷಗಳ ಮೇಲೆ ದಿಲ್ಲಿಯಿಂದ ನಿನ್ನ ಪತ್ರ ಬಂದಿತೆಂದು ಖುಷಿಯಿಂದ ಒಡೆದೆ. ಯೋಗಕ್ಷೇಮದ್ದು ಒಂದು ಸಾಲು, ಉಳಿದದ್ದೆಲ್ಲ ಪ್ರಶ್ನೆಗಳು. 'ನಿಮ್ಮ ಗ್ರಾಮೀಣ ಶಾಲೆಯಲ್ಲಿ ಮಕ್ಕಳಿಗೆ ಪರಿಸರದ ಅರಿವು ಮೂಡಿಸಲು ಕೈಗೊಂಡ ಕ್ರಮಗಳೇನು?' ಏನು ಪ್ರಶ್ನೆಯೋ ಮಾರಾಯ! ನಮ್ಮ ಮಕ್ಕಳು ಬೆಳಗಾದರೆ ಸೆಗಣಿ ಬಾಚಿ, ದನ ಹೊಡೆದು, ಕೆರೆ ಏರಿಯ ಮೇಲೆ ನಡೆದು ಶಾಲೆಗೆ ಬರುತ್ತವೆ. ಅವಕ್ಕೆ ಅರಿವು ಮೂಡಿಸಲು ದಿಲ್ಲಿಯಲ್ಲೊಂದು ಕಚೇರಿ, ಕಚೇರಿಗೊಂದು ಫ್ಯಾನು, ಫ್ಯಾನಿನ ಕೆಳಗೆ ನೀನು. ಭಲೇ!

ಕೇಳಿದ್ದೀ ಎಂದು ಹೇಳುತ್ತೇನೆ. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ನಾನು ಪಾಠ ಮಾಡುವುದಿಲ್ಲ. ಬುಟ್ಟಿ ಸಲಿಕೆ ಹಿಡಿಸಿ ಮಕ್ಕಳನ್ನೆಲ್ಲ ಕೆರೆಗೆ ಕರೆದೊಯ್ಯುತ್ತೇನೆ. ಎತ್ತು ಮಾಡಲು ಮಣ್ಣು ಬೇಕೆಂದರೆ ತೂಬಿನ ಮುಂದೆ ಕಟ್ಟಿಕೊಂಡ ಹೂಳನ್ನೇ ತೆಗೆಯಬೇಕು, ಬೇರೆ ಕಡೆ ಕೈ ಹಚ್ಚುವಂತಿಲ್ಲ. ಅದು ನಾನು ಮಾಡಿದ ಕಾಯಿದೆಯಲ್ಲ, ಊರಿನದು. ಮಳೆ ಜೋರಾಗುವುದರೊಳಗೆ ತೂಬಿನ ಬಾಯಿ ಬಿಚ್ಚಿಕೊಳ್ಳುತ್ತದೆ, ಮನೆಮನೆಗೂ ಜೋಡಿ ಎತ್ತು, ಅವು ಮೇಯಲು ಒಂದು ಗ್ವಾದಲಿ ಆಗುತ್ತದೆ. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಹೂಳು ಬಂದಿದೆ, ಯಾರ ಹೊಲದ ಮಣ್ಣು ಹರಿದು ಬಂದಿದೆ ಎಂದು ಮಕ್ಕಳೇ ಜಗಳಾಡುತ್ತವೆ. ಮುಖ್ಯಾಧ್ಯಾಪಕನಾಗಿ ಇಲ್ಲಿಗೆ ಬಂದಾಗಿನಿಂದ ಇದನ್ನು ತಪ್ಪಿಸಿಲ್ಲ. ಇದು ಪರಿಸರ ಶಿಕ್ಷಣವೋ ಬರೀ ಹಬ್ಬವೋ, ನಿಮ್ಮ ಫ್ಯಾನಿನ ಕೆಳಗೆ ಕುಳಿತವರು ಠರಾಯಿಸಲಿ.

ಸುಶೀಲಾ ನಿನ್ನನ್ನು ನೆನೆದಳು. "ಆಚಾರ್ರಿಗೆ ನಮ್ಮನಿ ಶೇಂಗಾ ಹಿಂಡಿ ರುಚಿ ಮರತ ಹೋಗೇತೇನು ಕೇಳ್ರಿ" ಎಂದಳು. ಕೇಳಿದ್ದೇನೆ.

ನಿನ್ನ,
ಉಳವಪ್ಪ

ಹೊಸದಿಲ್ಲಿ
೨೦ ಅಕ್ಟೋಬರ್ ೧೯೮೬

ಪ್ರಿಯ ಉಳವಪ್ಪ,

ನಿನ್ನ ಪತ್ರವನ್ನು ಊಟದ ವೇಳೆಯಲ್ಲಿ ಸಹೋದ್ಯೋಗಿಗಳಿಗೆ ಅನುವಾದಿಸಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಿನ್ನ ಹಾಸ್ಯ ಹಾಗೇ ಇದೆ; ವಿಚಾರ ಕೂಡ ಧಾರವಾಡದಲ್ಲಿ ಬಿಟ್ಟಲ್ಲೇ ಇದೆ.

ಕೆಸರಾಟ ಚೆಂದವೇ. ಆದರೆ ಕಾಲ ಬದಲಾಗಿದೆ. ಎಪ್ಪತ್ತೆರಡರಲ್ಲಿ ಸ್ಟಾಕ್‌ಹೋಮಿನಲ್ಲಿ ಲೋಕದ ಸರಕಾರಗಳು ಸೇರಿದವು. ಎಪ್ಪತ್ತೇಳರಲ್ಲಿ ಟಿಬಿಲಿಸಿ ಎಂಬಲ್ಲಿ ಪರಿಸರ ಶಿಕ್ಷಣ ಹೇಗಿರಬೇಕೆಂದು ಗೊತ್ತುಪಡಿಸಿದವು. ಈ ವರ್ಷ ಬಂದ ನಮ್ಮ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯೂ ಪರಿಸರದ ಅರಿವು ಎಲ್ಲ ಹಂತದಲ್ಲೂ ಇರಬೇಕೆನ್ನುತ್ತದೆ. ಮೇಲಿಂದ ಬಂದ ಈ ಮಾತುಗಳನ್ನು ಶಿಕ್ಷಕರ ಕೈಪಿಡಿಯಾಗಿ ಕೆಳಗೆ ಇಳಿಸುವುದು ನನ್ನ ಪಾಲಿಗೆ ಬಂದಿದೆ. ಕನ್ನಡಕ್ಕೂ ಆಗುತ್ತದೆ, ನಿನ್ನ ಮೇಜಿಗೂ ಬರುತ್ತದೆ. ನೀವು ರೂಢಿಯೆಂದು ಮಾಡುತ್ತಿರುವುದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಆಗ ನಿನಗೂ ಸ್ಪಷ್ಟವಾದೀತು.

ನಮ್ಮೂರು ಸವಣೂರಿಗೆ ಬರಲು ಪುರಸೊತ್ತಿಲ್ಲ. ಅಣ್ಣ ಅನಂತ ಯುಗಾದಿಗೊಮ್ಮೆ ಮರೆಯದೆ ಪಂಚಾಂಗ ಕಳಿಸುತ್ತಾನೆ. ಇಲ್ಲಿ ಅದನ್ನು ಬಿಚ್ಚಿ ನೋಡುವವರು ಯಾರು! ನಮ್ಮದೆಲ್ಲ ಕಚೇರಿಯ ಕ್ಯಾಲೆಂಡರು. ಹಿಂಡಿಯ ರುಚಿ ಮರೆತಿಲ್ಲವೆಂದು ಸುಶೀಲಾ ವೈನಿಗೆ ಹೇಳು.

ಮಧ್ವೇಶ

ಮಾಳಗಿಕಟ್ಟಿ
೪ ಜುಲೈ ೧೯೮೭

ಮಧ್ವೇಶಾ,

ನಿನ್ನ ಕೈಪಿಡಿ ಬಂತು. ಅದರ ಹಿಂದೆಯೇ ಸಾಹೇಬರೂ ಬಂದರು.

ಅಮಾವಾಸ್ಯೆಯ ದಿನ ಎಂದಿನಂತೆ ಮಕ್ಕಳ ಜೊತೆ ಕೆರೆಯೊಳಗಿದ್ದೆ. ಧೋತರ ಮೊಣಕಾಲಿನ ಮೇಲಿತ್ತು. ನಮ್ಮ ಭಾಗದ ಶಾಲಾ ಇನ್ಸ್‌ಪೆಕ್ಟರ್ ಪರಮೇಶಪ್ಪನವರು ಏರಿಯ ಮೇಲೆ ಜೀಪು ನಿಲ್ಲಿಸಿ, ಬೂಟು ಕೆಸರಾಗದಂತೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಬಂದರು. ಹೊಸ ಪುಸ್ತಕ ಕಂಕುಳಲ್ಲೇ ಇತ್ತು.

"ಏನ್ರಿ ಮಾಸ್ತರ, ಇದೇನ ನಡಸೀರಿ?"

"ಸಾಲಿ ನಡಸೇನ್ರಿ."

"ಇದು ಸಾಲಿ ಏನ್ರಿ? ಹುಡುಗೂರು ಕೆಸರಾಗ ಹೊಳ್ಳಾಡಾಕತ್ತಾವಲ್ರಿ! ಹದಿನಾಕನೇ ಪುಟ ಓದೀರಿಲ್ಲೋ?"

ನಿಂತಲ್ಲೇ ಓದಿದರು. 'ಕೆರೆ, ಹಳ್ಳ, ಹೊಲಗಳಿಂದ ಮಣ್ಣು ಕೀಳುವ ಪದ್ಧತಿಯಿಂದ ಮಕ್ಕಳನ್ನು ವಿಮುಖಗೊಳಿಸತಕ್ಕದ್ದು.' ನಾನೆಂದೆ, "ಸಾಹೇಬ್ರ, ಇದು ಹೂಳರಿ. ತೆಗೀಲಿಲ್ಲಂದ್ರ ತೂಬು ಮುಚ್ಚತೈತ್ರಿ." ಅವರು ಪುಸ್ತಕ ತಿರುವಿ ನೋಡಿದರು. "ಹೂಳು ಅಂತ ಇದರಾಗ ಎಲ್ಲೂ ಇಲ್ಲ ನೋಡ್ರಿ" ಎಂದರು. ಪುಸ್ತಕದಲ್ಲಿ ಇಲ್ಲದ್ದು ಕೆರೆಯಲ್ಲಿ ಇರುವುದು ಹೇಗೆ! ಮಕ್ಕಳ ಬುಟ್ಟಿಗಳನ್ನು ಮತ್ತೆ ಕೆರೆಗೇ ಸುರುವಿಸಿದರು. ಸಣ್ಣ ಸಣ್ಣ ಹುಡುಗಿಯರು ಅಳುತ್ತ ಮನೆಗೆ ಹೋದರು.

ಈಗ ನನ್ನ ಮೇಲೆ ವಿಚಾರಣೆ. ರಾಷ್ಟ್ರೀಯ ನೀತಿಗೆ ವಿರುದ್ಧವಾಗಿ ಮಕ್ಕಳಿಂದ ಪರಿಸರ ನಾಶ ಮಾಡಿಸಿದೆನಂತೆ. ತಪ್ಪು ಎಂದು ಸಾಬೀತಾದರೆ ಮುಖ್ಯಾಧ್ಯಾಪಕನ ಕುರ್ಚಿ ಹೋಗುತ್ತದೆ, ಊರೂ ಬಿಡಬೇಕಾಗುತ್ತದೆ. ನಗಬೇಡ. ಈ ಶಾಲೆಯನ್ನು ಕಟ್ಟಿದವನು ನಾನು. ಮಾಡು ಹೊದಿಸಲು ಊರವರ ಕೈಕಾಲು ಹಿಡಿದು ಹೆಂಚು ತಂದವನು ನಾನು.

ನನಗೆ ಬೇಕಾದದ್ದು ನಿನ್ನಿಂದ ಒಂದೇ ಸಾಲು. 'ಹದಿನಾಲ್ಕನೆಯ ಪುಟದ ಮಾತು ಕೆರೆಯ ಹೂಳಿಗೆ ಅನ್ವಯಿಸುವುದಿಲ್ಲ' ಎಂದು ನಿಮ್ಮ ಕಚೇರಿಯ ಕಾಗದದ ಮೇಲೆ ಬರೆದು ಸಹಿ ಹಾಕು. ಆ ಪುಟ ಯಾವ ಶತಮೂರ್ಖ ಬರೆದನೋ ನನಗೆ ಗೊತ್ತಿಲ್ಲ. ಅವನ ಮೇಲಧಿಕಾರಿ ನೀನು, ತಿದ್ದು.

ಉಳವಪ್ಪ

ಹೊಸದಿಲ್ಲಿ
೧೨ ಸೆಪ್ಟೆಂಬರ್ ೧೯೮೭

ಪ್ರಿಯ ಉಳವಪ್ಪ,

ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ! ಕಳೆದ ತಿಂಗಳು ಮಾಸ್ಕೋದಲ್ಲಿ ಪರಿಸರ ಶಿಕ್ಷಣದ ಜಾಗತಿಕ ಸಭೆ ಇತ್ತು. ನಾನು ಪ್ರಬಂಧ ಓದಿದೆ. ವಿಷಯ: ದಖ್ಖನಿನ ಕೆರೆ, ಶಾಲೆ ಮತ್ತು ಮಣ್ಣೆತ್ತು. ಹೋದ ವರ್ಷದ ನಿನ್ನ ಪತ್ರ ಕೈಯಲ್ಲಿತ್ತಲ್ಲ. ಮಕ್ಕಳು ಹೂಳು ತೆಗೆದು ಎತ್ತು ಮಾಡುವುದನ್ನು ನಾನು ವಿವರಿಸುತ್ತಿದ್ದರೆ ಸಭೆ ಉಸಿರು ಬಿಗಿಹಿಡಿದಿತ್ತು. ಈ ವರ್ಷವೇ ಹೊರಬಂದ ಒಂದು ಜಾಗತಿಕ ವರದಿ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತನ್ನು ಎಲ್ಲರ ಬಾಯಿಗೆ ತಂದಿದೆ. ಮುಂದಿನವರ ಪಾಲನ್ನು ಕಸಿಯದೆ ಇಂದಿನವರು ಬದುಕುವುದು ಎಂದು ಅರ್ಥ. ಸ್ವೀಡನ್ನಿನ ಮಹಿಳೆಯೊಬ್ಬರು ಎದ್ದು ನಿಂತು, 'ನಾವು ಹುಡುಕುತ್ತಿದ್ದುದು ಇದನ್ನೇ' ಎಂದರು. ನನ್ನ ಕಣ್ಣು ತುಂಬಿ ಬಂತು.

ಊರಿನ ಹೆಸರು ಹಾಕಿದ್ದೇನೆ: ಮಾಳಗಿಕಟ್ಟಿ. ಶಿಕ್ಷಕನ ಹೆಸರು ಹಾಕುವ ರೂಢಿ ಇಂಥ ಪ್ರಬಂಧಗಳಲ್ಲಿಲ್ಲ. 'ಒಬ್ಬ ಸ್ಥಳೀಯ ಶಿಕ್ಷಕ' ಎಂದಿದ್ದೇನೆ.

ನಿನ್ನ ಜುಲೈ ತಿಂಗಳ ಪತ್ರ ತಲುಪಿದೆ. ಪ್ರಯಾಣದ ಗಡಿಬಿಡಿ. ವಿವರವಾಗಿ ಆಮೇಲೆ ಬರೆಯುತ್ತೇನೆ.

ಮಧ್ವೇಶ

ಮಾಳಗಿಕಟ್ಟಿ
೫ ಅಕ್ಟೋಬರ್ ೧೯೮೭

ಮಹಾರಾಜರೇ,

ಮಾಸ್ಕೋದಲ್ಲಿ ನಿಮ್ಮ ಕಣ್ಣು ತುಂಬಿದ ವಾರ್ತೆ ತಿಳಿದು ಇಲ್ಲಿ ನಮಗೆ ಹೊಟ್ಟೆ ತುಂಬಿತು. ಸುಶೀಲಾಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಂದ್ರ ಅಲ್ಲಿ ಚಪ್ಪಾಳಿ, ಇಲ್ಲಿ ನೋಟೀಸು. ಎರಡೂ ನಿಮ್ಮ ಒಂದ ಕೆಲಸಕ್ಕೇನ್ರಿ?" ಎಂದಳು. ಹೌದು ಎಂದೆ. "ಥೂ, ಅವನ!" ಎಂದು ಮತ್ತೆ ಬಡಿಯತೊಡಗಿದಳು. ಆ ದಿನದ ರೊಟ್ಟಿಗಳು ಬಹಳ ತೆಳ್ಳಗೆ ಬಂದವು.

ಇಷ್ಟಾದರೂ ನನಗೆ ಸಂತೋಷವೇ ಆಯಿತು ನೋಡು, ಎಂಥ ಹುಚ್ಚ ನಾನು! ನೀನು ಅಲ್ಲಿ ಹೊಗಳಿದ್ದೀ ಎಂದ ಮೇಲೆ ಇಲ್ಲಿ ಒಂದು ಸಾಲು ಬರೆಯಲು ಏನು ಅಡ್ಡಿ? ವಿಚಾರಣೆಯ ಅಧಿಕಾರಿ ಒಳ್ಳೆಯ ಮನುಷ್ಯ. "ದಿಲ್ಲಿಯವರ ಕಾಗದ ಒಂದು ತರಸ್ರಿ ಮಾಸ್ತರ, ಕೇಸು ಇಲ್ಲೇ ಮುಗಸ್ತೇನಿ" ಎಂದಿದ್ದಾರೆ. ವರ್ಷದ ಕೊನೆಯವರೆಗೆ ಕಾಯುತ್ತಾರಂತೆ. ಪ್ರಬಂಧದ ಪ್ರತಿಯನ್ನೇ ಕಳಿಸು, ಅದರ ಮೇಲೆ ಸಹಿ ಮಾಡು, ಸಾಕು.

ಉಳವಪ್ಪ

ಹೊಸದಿಲ್ಲಿ
೭ ಡಿಸೆಂಬರ್ ೧೯೮೭

ಪ್ರಿಯ ಉಳವಪ್ಪ,

ನಿನ್ನ ಪತ್ರದ ಧಾಟಿ ನನಗೆ ಹಿಡಿಸಲಿಲ್ಲ. ಆದರೂ ಹಳೆಯ ಸ್ನೇಹಕ್ಕೆ ಉತ್ತರಿಸುತ್ತಿದ್ದೇನೆ.

ಶಿಕ್ಷಕರ ಮೇಲಿನ ಕ್ರಮ ರಾಜ್ಯದ ವಿಷಯ. ಕೇಂದ್ರದ ಕಚೇರಿಯಿಂದ ಕೈ ಹಾಕಿದರೆ ತಪ್ಪು ಸಂದೇಶ ಹೋಗುತ್ತದೆ. ಎರಡನೆಯದಾಗಿ, ಕೈಪಿಡಿಯ ಎರಡನೆಯ ಭಾಗ ಅಚ್ಚಿನಲ್ಲಿದೆ. ಈ ಹೊತ್ತಿನಲ್ಲಿ ಮೊದಲ ಭಾಗದಲ್ಲಿ ದೋಷವಿದೆ ಎಂದು ನಾನೇ ಬರೆದುಕೊಟ್ಟರೆ? ನೀನು ಬೈದಿರುವ ಆ ಶತಮೂರ್ಖ ಬೇರಾರೂ ಅಲ್ಲ. ಹದಿನಾಲ್ಕನೆಯ ಪುಟ ನನ್ನದು. ಹೊರದೇಶದ ಒಂದು ಮಾದರಿಯಲ್ಲಿ ಮಣ್ಣಿನ ಸವಕಳಿಯ ಅಧ್ಯಾಯವಿತ್ತು, ಅದನ್ನು ಅನುಸರಿಸಿ ಬರೆದದ್ದು. ಕೋಟ್ಯಂತರ ಮಕ್ಕಳಿಗೆ ನಿಯಮ ಮಾಡುವಾಗ ಒಂದೊಂದು ಊರಿನ ತೂಬನ್ನು ಲೆಕ್ಕಕ್ಕೆ ಹಿಡಿಯಲಾಗದು. ಸಭೆಯ ಪ್ರಬಂಧ ಬೇರೆ, ಆಡಳಿತದ ನಿಯಮ ಬೇರೆ. ಇಷ್ಟು ವ್ಯತ್ಯಾಸ ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ಒಂದು ಕ್ಷಮಾಪಣೆ ಬರೆದುಕೊಡು. ತಿಳಿಯದೆ ಮಾಡಿದೆ, ಮುಂದೆ ಮಾಡುವುದಿಲ್ಲ ಎಂದು. ಬರೀ ಔಪಚಾರಿಕ. ಅಭಿಮಾನ ಇಟ್ಟುಕೊಂಡು ಹಾಳಾಗಬೇಡ.

ಮಧ್ವೇಶ

ಕೊಂಡಲಿಕೊಪ್ಪ, ಶಿಗ್ಗಾಂವಿ ತಾಲೂಕು
೨೪ ಜನವರಿ ೧೯೮೮

ಮಧ್ವೇಶನಿಗೆ,

ವಿಳಾಸ ಬದಲಾದದ್ದನ್ನು ನೋಡಿ ಉಳಿದದ್ದು ನಿನಗೇ ತಿಳಿಯುತ್ತದೆ. ಇಲ್ಲಿ ನಾನು ಸಹಶಿಕ್ಷಕ. ಮುಖ್ಯಾಧ್ಯಾಪಕ ನನ್ನ ಕೈಯಲ್ಲಿ ಕಲಿತ ಹುಡುಗ. ನನಗೆ ಹಾಜರಿ ಹಾಕಲು ಹೇಳುವಾಗ ಅವನ ಮುಖ ನೋಡಲಾಗುವುದಿಲ್ಲ.

ಕ್ಷಮಾಪಣೆ ಬರೆಯಲಿಲ್ಲ. ತಿಳಿಯದೆ ಮಾಡಿದೆ ಎಂದು ಹೇಗೆ ಬರೆಯಲಿ? ತಿಳಿದೇ ಮಾಡಿದ್ದು. ನೀನು ಅದನ್ನು ಕದ್ದು ಹೊರದೇಶದಲ್ಲಿ ಮಾರಿದ್ದೂ ತಿಳಿದೇ.

ನನಗೆ ಬಹಳ ನೋವಾಗಿದೆ. ಮುಚ್ಚಿಟ್ಟುಕೊಳ್ಳಲು ನನಗೇನೂ ಇಲ್ಲ, ಹೇಳಿಬಿಡುತ್ತೇನೆ. ಪರಮೇಶಪ್ಪ ದಡ್ಡ, ಅವನ ಮೇಲೆ ಸಿಟ್ಟಿಲ್ಲ. ನೀನು ದಡ್ಡನಲ್ಲ.

ಉಳವಪ್ಪ

ಹೊಸದಿಲ್ಲಿ
೨೫ ಏಪ್ರಿಲ್ ೧೯೮೮

ನನ್ನ ಪ್ರೀತಿಯ ಉಳವಪ್ಪ,

ಹಿಂದಿನದನ್ನೆಲ್ಲ ಮರೆತುಬಿಡು. ನಾವಿಬ್ಬರೂ ಆಡಬಾರದ್ದನ್ನು ಆಡಿದ್ದೇವೆ.

ದೊಡ್ಡ ಸುದ್ದಿ. ನನ್ನ ಪ್ರಬಂಧ ನೋಡಿ ಜಾಗತಿಕ ಸಂಸ್ಥೆಯೊಂದರ ತಂಡ ನಮ್ಮ ದೇಶಕ್ಕೆ ಬರುತ್ತಿದೆ. ಮಾಸ್ಕೋದಲ್ಲಿ ಎದ್ದು ನಿಂತಿದ್ದ ಆ ಸ್ವೀಡಿಷ್ ಮಹಿಳೆಯೇ ಮುಖ್ಯಸ್ಥೆ. ಅವರಿಗೆ ದಿಲ್ಲಿ ಬೇಡ, ಆಗ್ರಾ ಬೇಡ, ಮಾಳಗಿಕಟ್ಟಿ ಬೇಕಂತೆ! ದಿನ ಗೊತ್ತು ಮಾಡಿದ್ದೇನೆ. ಜೂನ್ ಹದಿನಾಲ್ಕು, ಮಂಗಳವಾರ, ಮಣ್ಣೆತ್ತಿನ ಅಮಾವಾಸ್ಯೆ. ಶಿಕ್ಷಣ ಮಂತ್ರಾಲಯದ ಒಪ್ಪಿಗೆ ಆಗಿದೆ, ವಾಹನ ಆಗಿದೆ, ಛಾಯಾಗ್ರಾಹಕ ಕೂಡ ಬರುತ್ತಾನೆ.

ನೀನು ಅಂದು ಅಲ್ಲಿರಬೇಕು. ಮಕ್ಕಳನ್ನು ಕೆರೆಗೆ ಇಳಿಸುವುದು ನಿನ್ನಿಂದಲೇ ಆಗಬೇಕು, ಈಗಿರುವ ಮುಖ್ಯಾಧ್ಯಾಪಕನಿಗೆ ಅದರ ತಲೆಬುಡ ಗೊತ್ತಿಲ್ಲ. ಒಂದು ದಿನದ ಮಟ್ಟಿಗೆ ನಿನ್ನನ್ನು ಕರೆಸುವ ಆದೇಶ ಮಾಡಿಸುತ್ತೇನೆ. ಕಾರ್ಯಕ್ರಮ ಚೆನ್ನಾಗಿ ಆದರೆ ನಿನ್ನ ವಿಷಯವನ್ನೂ ನೋಡುತ್ತೇನೆ. ಈಗ ನನ್ನ ಮಾತಿಗೆ ಬೆಲೆ ಇದೆ.

ವೈನಿಗೆ ನಮಸ್ಕಾರ. ಹಿಂಡಿ ಮಾಡಿಡಲು ಹೇಳು.

ನಿನ್ನ,
ಮಧ್ವೇಶ

ಹೊಸದಿಲ್ಲಿ
೨೩ ಮೇ ೧೯೮೮

ಉಳವಪ್ಪ,

ಉತ್ತರವಿಲ್ಲ ಯಾಕೆ? ದಿನ ಹತ್ತಿರ ಬಂತು. ಒಂದು ಕಾರ್ಡಾದರೂ ಹಾಕು. ಮೌನವನ್ನು ಒಪ್ಪಿಗೆ ಎಂದು ತಿಳಿದು ಮುಂದುವರಿಯುತ್ತಿದ್ದೇನೆ.

ಮಧ್ವೇಶ

ಪ್ರವಾಸಿ ಬಂಗಲೆ, ಹಾನಗಲ್
೧೬ ಜೂನ್ ೧೯೮೮

ಉಳವಪ್ಪ,

ನೀನು ಬರಲಿಲ್ಲ. ಅದನ್ನು ಕ್ಷಮಿಸಬಹುದಿತ್ತು. ಆದರೆ ಗೊತ್ತಿದ್ದೂ ಹೇಳದೆ ಹೋದೆಯಲ್ಲ, ಅದನ್ನು ಹೇಗೆ ಕ್ಷಮಿಸಲಿ?

ಮೂರು ಕಾರುಗಳಲ್ಲಿ ಊರು ಹೊಕ್ಕೆವು. ಒಂದು ಮನೆಯ ಮುಂದೂ ಎತ್ತಿಲ್ಲ, ಕೆರೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಜನ ಕಾರುಗಳ ಸುತ್ತ ಬಂದು ನಿಂತರು. ಕಟ್ಟೆಯ ಮೇಲೆ ಕುಳಿತಿದ್ದ ಸಾವಂತ್ರವ್ವ ಎಂಬ ಮುದುಕಿಯನ್ನು, ಇವತ್ತು ಮಣ್ಣೆತ್ತು ಮಾಡುವುದಿಲ್ಲವೇ ಎಂದು ನಾನೇ ಕೇಳಿದೆ. ಅವಳು ಬಾಯಿಗೆ ಸೆರಗು ಹಿಡಿದಳು.

"ಯಪ್ಪಾ, ಅಧಿಕಮಾಸದಾಗ ಯಾರರ ಮಣ್ಣೆತ್ತು ಮಾಡ್ತಾರೇನ್ರಿ? ಇದು ಅಧಿಕ ಜ್ಯೇಷ್ಠ. ಹಬ್ಬ ಇನ್ನ ಮುಂದಿನ ಅಮಾಸಿಗೈತಿ. ನೀವು ಯಾವೂರಾವ್ರಿ?"

ಸವಣೂರು ಎಂದೆ. ಯಾರ ಮನೆಯೆಂದು ಕೇಳಿದಳು. ಹೇಳದೆ ಇರಬೇಕಿತ್ತು, ಹೇಳಿಬಿಟ್ಟೆ.

"ಅಯ್ಯ ಶಿವನ! ಪಂಚಾಂಗ ಹೇಳೋ ಆಚಾರ್ರ ಮನಿ ಮಗ ಅಧಿಕಮಾಸ ಮರತು ಬಂದಾನ ನೋಡ್ರೆವಾ!"

ಇಡೀ ಓಣಿ ನಕ್ಕಿತು. ಸ್ವೀಡಿಷ್ ಮಹಿಳೆ ಏನಾಯಿತು ಎಂದು ಕೇಳಿದರು. ಕ್ಯಾಲೆಂಡರಿನಲ್ಲಿ ಸಣ್ಣ ವ್ಯತ್ಯಾಸ ಎಂದೆ. ಶಾಲೆಗಾದರೂ ಹೋಗೋಣ ಎಂದು ಕರೆದೊಯ್ದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಕೆರೆಯ ಮಣ್ಣಿನಿಂದ ನೀವು ಏನು ಮಾಡುತ್ತೀರಿ ಎಂದು ಅವರು ಕೇಳಿದ್ದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿದೆ. ಎಲ್ಲ ಎದ್ದು ನಿಂತು ಒಂದೇ ದನಿಯಲ್ಲಿ ಒದರಿದವು: "ಕೆರೆಯ ಮಣ್ಣು ಕೀಳುವುದು ಪರಿಸರಕ್ಕೆ ಬಗೆಯುವ ದ್ರೋಹ! ನಾವು ಎಂದಿಗೂ ಕೀಳುವುದಿಲ್ಲ!" ಹೊಸ ಮುಖ್ಯಾಧ್ಯಾಪಕ ಹೆಮ್ಮೆಯಿಂದ ನನ್ನ ಕಡೆ ನೋಡಿದ. ದುಭಾಷಿಯೊಬ್ಬ ಜೊತೆಗಿದ್ದ, ಅಕ್ಷರ ಬಿಡದೆ ಹೇಳಿಬಿಟ್ಟ. ಆ ಮಹಿಳೆ, 'ಹಾಗಾದರೆ ನಿಮ್ಮ ಪ್ರಬಂಧದ ಶಿಕ್ಷಕ ಎಲ್ಲಿ?' ಎಂದರು.

ತಂಡ ಜುಲೈ ಕೊನೆಯವರೆಗೂ ದೇಶದಲ್ಲೇ ಇದೆ. ಅವರನ್ನು ಹೇಗೋ ಒಪ್ಪಿಸಿದ್ದೇನೆ. ಜುಲೈ ಹದಿಮೂರಕ್ಕೆ, ನಿಜವಾದ ಅಮಾವಾಸ್ಯೆಗೆ, ಮತ್ತೆ ಬರುತ್ತಾರೆ. ನೀನು ಕೇಳುತ್ತಿದ್ದ ಸಾಲನ್ನು ಬರೆದು, ಸಹಿ ಮೊಹರು ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅದನ್ನು ತೋರಿಸಿದರೆ ಜುಲೈ ಒಂದಕ್ಕೇ ನೀನು ಮತ್ತೆ ಮಾಳಗಿಕಟ್ಟಿಯ ಮುಖ್ಯಾಧ್ಯಾಪಕ, ಎಲ್ಲ ಮಾತಾಡಿ ಇಟ್ಟಿದ್ದೇನೆ. ಪ್ರತಿಯಾಗಿ ನೀನು ಮಾಡಬೇಕಾದದ್ದು ಇಷ್ಟೇ. ಈ ಪದ್ಧತಿ ನಮ್ಮ ಕೈಪಿಡಿಯನ್ನು ಓದಿ ಶುರುವಾಯಿತು ಎಂದು ಅವರ ಮುಂದೆ ಹೇಳಬೇಕು. ಒಂದು ಸುಳ್ಳು, ಅದರಿಂದ ಯಾರಿಗೂ ನಷ್ಟವಿಲ್ಲ. ನನ್ನ ನೌಕರಿ ಉಳಿಯುತ್ತದೆ, ನಿನ್ನದು ಮರಳುತ್ತದೆ. ಕೈ ಮುಗಿಯುತ್ತೇನೆ.

ಮಧ್ವೇಶ

ಕೊಂಡಲಿಕೊಪ್ಪ
೧೨ ಜುಲೈ ೧೯೮೮

ಮಧ್ವೇಶಾ,

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ನೀನು ದಿನ ಕೇಳಲಿಲ್ಲ, ದಿನ ಹೇಳಿದೆ. ಮಂತ್ರಾಲಯ ಒಪ್ಪಿದ ಅಮಾವಾಸ್ಯೆಯನ್ನು ಅಲ್ಲವೆನ್ನಲು ಶಿಗ್ಗಾಂವಿ ತಾಲೂಕಿನ ಒಬ್ಬ ಸಹಶಿಕ್ಷಕ ಯಾರು? ಆ ಮಕ್ಕಳನ್ನೂ ಬೈಯಬೇಡ. ನೀನು ಬರೆದದ್ದನ್ನು ಒಂದು ತಪ್ಪಿಲ್ಲದೆ ಒಪ್ಪಿಸಿವೆ. ಲೋಕದ ಸರಕಾರಗಳೆಲ್ಲ ಸೇರಿ ಆಡಿದ ಮಾತು ನಿನ್ನ ಕೈ ದಾಟಿ ಮಾಳಗಿಕಟ್ಟಿಯ ಎರಡನೆಯ ಇಯತ್ತೆಯ ಮಕ್ಕಳವರೆಗೆ ಬಂದು ಮುಟ್ಟಿದ್ದು ಹೀಗೆ. ಕಿವಿಯಾರೆ ಕೇಳಿದೆಯಲ್ಲ.

ನಿನ್ನ ಸಹಿ ಮೊಹರಿನ ಕಾಗದವನ್ನು ಬಹಳ ದಿನ ಇಟ್ಟುಕೊಂಡೆ. ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಒಂದು ವರ್ಷ ಹಗಲೂ ರಾತ್ರಿ ಬಯಸಿದ ಸಾಲು ಅದು. ನನ್ನ ಶಾಲೆ, ನನ್ನ ಮಕ್ಕಳು, ನನ್ನ ಕುರ್ಚಿ. ನಿನ್ನೆ ಸುಶೀಲಾಳನ್ನು ಕೇಳಿದೆ. "ಹೋಗೂದರ ಹೋಗೂಣ್ರಿ" ಎಂದಳು. "ಆದ್ರ ಅಲ್ಲಿ ಹೋಗಿ ಹುಡುಗೂರ ಮುಂದ ನಿಂತು, ಇದನ್ನ ನನಗ ದಿಲ್ಲಿ ಸಾಹೇಬ ಕಲಿಸ್ಯಾನಂತ ಹ್ಯಾಂಗ ಹೇಳ್ತೀರಿ? ಸಾವಂತ್ರವ್ವ ಅಲ್ಲೇ ಕುಂತಿರ್ತಾಳಲ್ರಿ." ಆಮೇಲೆ ಅತ್ತಳು. ನಾನೂ ಅತ್ತೆ. ಅವಳಿಗೆ ಆ ಊರು ನನಗಿಂತ ಹೆಚ್ಚು ಬೇಕು.

ಕಾಗದವನ್ನು ಇದರ ಜೊತೆಗೆ, ಇಂದೇ ಹಾನಗಲ್ಲಿಗೆ ಹೋಗುವವರ ಕೈಯಲ್ಲಿ, ನಿನ್ನ ಬಂಗಲೆಗೆ ವಾಪಸು ಕಳಿಸಿದ್ದೇನೆ. ನಾನು ಕೇಳಿದಾಗ ಕೊಟ್ಟಿದ್ದರೆ ಅದು ನ್ಯಾಯವಾಗುತ್ತಿತ್ತು. ಈಗ ಅದು ನನ್ನ ಬಾಯಿಗೆ ಕಟ್ಟುವ ಕೂಲಿ. ಮಾಳಗಿಕಟ್ಟಿಗೆ ನಾಳೆ ನಾನು ಬರುವುದಿಲ್ಲ. ಬೇಕಿದ್ದರೆ ನೀನೇ ಪ್ಯಾಂಟು ಮಡಚಿ ಕೆರೆಗೆ ಇಳಿ. ತೂಬು ಎಲ್ಲಿದೆ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ.

ಈ ಊರಿಗೂ ಒಂದು ಕೆರೆಯಿದೆ. ಮಕ್ಕಳಿಗೆ ನಾಳೆ ಬುಟ್ಟಿ ತರಲು ಹೇಳಿದ್ದೇನೆ. ಮುಖ್ಯಾಧ್ಯಾಪಕ ಹುಡುಗ ಹೆದರಿ, "ಬ್ಯಾಡ್ರಿ ಸರ, ಈ ಸಲ ನೌಕರೀನ ಹೋಗತೈತಿ" ಎಂದು ಬೇಡಿಕೊಂಡ. ಅವನಿಗೆ ತೊಂದರೆಯಾಗಬಾರದೆಂದು ಅವನನ್ನು ನಾಳೆಗೆ ರಜೆಯ ಮೇಲೆ ಕಳಿಸಿದ್ದೇನೆ. ಈ ಭಾಗದ ಸಾಹೇಬರಿಗೆ ನಾನೇ ಬರೆದು ತಿಳಿಸಿದ್ದೇನೆ: ಮುಂಜಾನೆ ಎಂಟಕ್ಕೆ, ಹದಿನಾಲ್ಕನೆಯ ಪುಟಕ್ಕೆ ವಿರುದ್ಧವಾಗಿ, ತಿಳಿದೂ ತಿಳಿದೂ, ಮಕ್ಕಳೊಂದಿಗೆ ಕೆರೆಯ ಮಣ್ಣು ತೆಗೆಯಲಿದ್ದೇನೆ, ಬಂದು ಹಿಡಿಯಬಹುದು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ.

ಉಳವಪ್ಪ